ಸಡಾದ ಒಂದು ಸೋಲು

ಒಟ್ಟು ಆಟ ಎರಡು ಸಾವಿರದ ಅರವತ್ತು.
ಗೆಲುವಿನ ಕಾಲಂ ಕೂಡಿದರೆ ಎರಡು ಸಾವಿರದ ಅರವತ್ತು.
ಸೋಲಿನದು ಒಂದು ಕಡಿಮೆ.
ಮೇಲಿನಿಂದ ಕೆಳಗೆ ಕೂಡಿದೆ, ಕೆಳಗಿನಿಂದ ಮೇಲೆ ಕೂಡಿದೆ,
ನೀಲವ್ವನ ಕೈಲಿ ಓದಿಸಿ ಮತ್ತೊಮ್ಮೆ.
ಎಲ್ಲೋ ಯಾರೋ ಗೆದ್ದಿದ್ದಾರೆ,
ಯಾರೂ ಸೋತಿಲ್ಲ.

ಮುರಗಾಂವ ಬಂದರದಲ್ಲಿ ಮೂವತ್ತನಾಲ್ಕು ವರ್ಷ
ಟ್ಯಾಲಿ ಗುಮಾಸ್ತನಾಗಿದ್ದವನು ನಾನು.
ಜುವಾರಿಯಿಂದ ಬಂದ ಬಾರ್ಜುಗಳಿಗೆ
ನಾಲ್ಕು ಗೀಟು, ಐದನೆಯದು ಅಡ್ಡ.
ಅದಿರು ಜಪಾನಿಗೆ, ಕೆಂಪು ಧೂಳು ನಮ್ಮ ಅಂಗಿಗೆ.
ಅಂಥದೊಂದು ಹಡಗಿನ ಅಡುಗೆಯವ
ಎರಡು ಬಾಟಲಿ ಫೆನ್ನಿಗೆ ಬದಲಾಗಿ ಕೊಟ್ಟು ಹೋದ ಡಬ್ಬಿ:
ಒಳಗೆ ರಟ್ಟಿನ ಮೈದಾನ, ಎರಡು ದಾಳ,
ಒಂದಕ್ಷರವೂ ತಿಳಿಯದ ನಿಯಮದ ಹಾಳೆ.
ಚಿತ್ರ ನೋಡಿ ಕಲಿತೆವು ಬೇಸ್‌ಬಾಲ್.
ಜೋಡಿ ಆರು ಬಿದ್ದರೆ ಚೆಂಡು ಕಡಲಿಗೆ.
ಜೋಡಿ ಒಂದು ಬಿದ್ದರೆ, ಚಿತ್ರದಲ್ಲೊಬ್ಬ
ಟೋಪಿ ತೆಗೆದು ನೆಲಕ್ಕೆ ಬಡಿಯುತ್ತಿದ್ದ,
ಅಂದರೆ ಔಟೇ ಇರಬೇಕು.

ನಾಲ್ಕು ಸಲ ಬೀಸಿ ತಪ್ಪಿದರೆ ಔಟ್ ಅಂತ ಆಡಿದೆವು.
ಮೂರೇ ಅಂತ ಗೊತ್ತಾದದ್ದು ಯಾರದೋ ಮನೆಯ ಟಿವಿಯಲ್ಲಿ,
ಹತ್ತೊಂಬತ್ತನೆಯ ಸೀಸನ್ನಿನ ನಡುವೆ.
ತಿದ್ದಲಿಲ್ಲ.
ತಿದ್ದಿದರೆ ಹಿಂದಿನ ಹದಿನೆಂಟರ ಜೊತೆ ಮುಂದಿನವನ್ನು
ಯಾವ ಮುಖ ಇಟ್ಟುಕೊಂಡು ಕೂಡಿಸಲಿ?

ತಂಡ ಆರು. ಸಡಾ, ಬೋಗ್ದಾ, ಚಿಖಲಿ, ದಾಬೋಳಿ, ಕುಠ್ಠಾಳಿ,
ಮತ್ತೆ ನೀಲವ್ವನ ಬಾಯ್ನಾ. ನಾವಿದ್ದದ್ದೇ ಅಲ್ಲಿ,
ಮರಳಿನ ಮೇಲಿನ ತಗಡಿನ ಮನೆ,
ರೋಣ, ಬಾದಾಮಿ, ಗಜೇಂದ್ರಗಡದ ಜಗಳ
ಒಂದು ಗೋಡೆಯಿಂದ ಇನ್ನೊಂದಕ್ಕೆ ಕೇಳುತ್ತಿತ್ತು.
ದಾಳ ಉರುಳಿಸುವ ಮೊದಲು ಮುಷ್ಟಿಗೆ ಉಫ್ ಅನ್ನುವಳು.
ಸೋತ ದಿನ ಸಾರಿಗೆ ಉಪ್ಪು ಹೆಚ್ಚು.
ಇಪ್ಪತ್ತೇಳು ಸೀಸನ್, ಒಮ್ಮೆಯೂ ಕಪ್ಪಿಲ್ಲ.
ಇನ್ನೂರ ಮೂವತ್ತೊಂದು ಗೆಲುವು, ಮುನ್ನೂರ ಒಂಬತ್ತು ಸೋಲು.

ಆಮೇಲೆ ಜೆಸಿಬಿ ಬಂದವು.
ಇಪ್ಪತ್ತೆಂಟರಿಂದ ತಂಡ ಐದೇ.
ಆಡದ ತಂಡಕ್ಕೊಂದು ಸಾಲು ಯಾಕೆ, ಅಳಿಸಿಬಿಡಿ ಎಂದ ಅಳಿಯ,
ಕಂಪ್ಯೂಟರಿಗೆ ಹಾಕಿಕೊಡುತ್ತೇನೆಂದು ಬಂದವನು.
ಅಳಿಸಿದರೆ, ತಮ್ಮಾ,
ಆ ಮುನ್ನೂರ ಒಂಬತ್ತು ಸಲ ಗೆದ್ದವರು
ಯಾರ ಮೇಲೆ ಗೆದ್ದರು ಅಂತ ಬರೆಯಲಿ?
ಅವನಿಗೆ ಚಹಾ ಕೊಟ್ಟು ಕಳಿಸಿದೆ.

ಸರಿ, ಒಂದು ಸೋಲು.
ಸಾಲುಸಾಲಾಗಿ ನೋಡುತ್ತ ಬಂದೆ.
ಸಡಾ ಆಡಿದ್ದು ಏಳುನೂರ ಹದಿನಾರು,
ಗೆದ್ದದ್ದು ನಾನೂರ ಎರಡು, ಸೋತದ್ದು ಮುನ್ನೂರ ಹದಿಮೂರು.
ಸಿಕ್ಕಿತು ಕಳ್ಳ.
ಹಳೆಯ ವಹಿಗಳನ್ನು ಮಂಚದಡಿಯಿಂದ ಎಳೆದೆ,
ಉಪ್ಪುಗಾಳಿಗೆ ಹಾಳೆಗಳು ಹಪ್ಪಳದಂತೆ.
ಇಪ್ಪತ್ತೇಳನೆಯ ಸೀಸನ್ನಿನ ಕೊನೆಯ ಆಟ, ಬಾಯ್ನಾ ಎದುರು ಸಡಾ.
ಒಂಬತ್ತನೆಯ ಸರದಿ, ಎರಡು ಔಟ್,
ನೀಲವ್ವನ ಜೋಡಿ ಆರು.
ಬಾಯ್ನಾದ ಮುಂದೆ ಗೀಟು ಎಳೆದಿದ್ದೇನೆ.
ಸಡಾದ ಮುಂದೆ ಪೆನ್ನು ಊರಿದ ಚುಕ್ಕೆ,
ಅಷ್ಟೇ.
ಬಾಗಿಲು ಬಡಿದದ್ದು ಆಗಲೇ ಇರಬೇಕು.
ಸಾಮಾನು ಹೊರಗಿಡಿ ಅಂದಿದ್ದರು, ಕೊಂಕಣಿಯಲ್ಲಿ ಒಮ್ಮೆ,
ತಿಳಿಯಲಿಲ್ಲವೇನೋ ಎಂದು ಹಿಂದಿಯಲ್ಲಿ ಒಮ್ಮೆ.
ಆ ಡಬ್ಬಿಯನ್ನು ಹಿಟ್ಟಿನ ಡಬರಿಯೊಳಗೆ ಹುಗಿದವಳು ಇವಳೇ.

ಬರೆಯಲೋ ಬೇಡವೋ ಅಂತ ಕೂತಿದ್ದೆ.
ಅಂದಿನ ಶಾಯಿ ನೀಲಿ, ಇಂದಿನದು ಕಪ್ಪು.
"ಹನ್ನೊಂದು ವರ್ಷಾತು ಸಡಾದಾಗ ಬಾಡಿಗಿ ಕಟ್ಟಾಕತ್ತೀವಿ,
ಒಂದು ತಿಂಗಳಾರ ಬಿಟ್ಟಾರೇನು?
ಬರೀರಿ ಅವ್ರ ಸೋಲು.
ಬಾಕಿ ಇಡಬ್ಯಾಡ್ರಿ."

ಬರೆದೆ. ಮುನ್ನೂರ ಹದಿನಾಲ್ಕು.
ಎರಡೂ ಕಾಲಂ ಸರಿಹೋದವು.
ನೀಲವ್ವ ಕನ್ನಡಕ ಸೆರಗಿಗೆ ಒರೆಸಿ
ಬಾಯ್ನಾದ ಸಾಲಿನ ಮೇಲೆ ಬೆರಳಿಟ್ಟಳು.
"ಇದನ್ನೂ ಇನ್ನೊಮ್ಮೆ ಕೂಡಿಸ್ರಿ.
ನಮ್ಮದೂ ಎಲ್ಲ್ಯಾರ ಒಂದು ಗೆಲುವು ಬಿಟ್ಟಿರತೀರಿ."
ಎಲ್ಲ ಲೆಕ್ಕ ಬರೋಬ್ಬರಿ ಐತಿ, ಐದುನೂರ ನಲವತ್ತು, ಅಂದೆ.
"ಕೂಡಿಸ್ರಿ ಅಂದೆ," ಅಂದಳು.